ಚಿಕ್ಕ ಪುಸ್ತಕದಲ್ಲಿ ಏನನ್ನು ಬರೆಯಬೇಕು?

ಪ್ರಶ್ನೆ: ನಾನು ಜಗಳೂರು ತಾಲ್ಲೂಕಿನ ಹಳ್ಳಿಯವಳು. ನಾಲ್ಕು ಎಕರೆ ಹೊಲ, ಒಂದು ಕೊಳವೆಬಾವಿ, ಎರಡು ಹಸು ಇವೆ. ಮನೆಯಲ್ಲೇ ಹೊಲಿಗೆ ಕೆಲಸವನ್ನೂ ಮಾಡುತ್ತೇನೆ. ಯಜಮಾನರು ಲಾರಿ ಓಡಿಸುವುದರಿಂದ ವಾರದಲ್ಲಿ ನಾಲ್ಕೈದು ದಿನ ಹೊರಗೇ ಇರುತ್ತಾರೆ. ಅತ್ತೆಯವರಿಗೆ ಬಿಪಿ, ಸಕ್ಕರೆ ಕಾಯಿಲೆ ಎರಡೂ ಇವೆ. ಎಲ್ಲ ಲೆಕ್ಕವೂ ನನ್ನ ತಲೆಯಲ್ಲೇ ಇರಬೇಕು. ಚಿಕ್ಕ ನೋಟ್‌ಬುಕ್ ಇಟ್ಟುಕೊಂಡರೆ ಅನುಕೂಲ ಎಂದು ಮೂರು ಸಲ ತಂದೆ. ದಿನದ ಖರ್ಚು ಬರೆಯಲು ಶುರು ಮಾಡಿದೆ. ಹತ್ತು ಹನ್ನೆರಡು ದಿನವಾಗುವಷ್ಟರಲ್ಲಿ ನಿಂತುಹೋಯಿತು. ಮೊಬೈಲ್ ಇರುವಾಗ ಪುಸ್ತಕ ಯಾಕಮ್ಮ ಎಂದು ಮಗಳು ಕೇಳುತ್ತಾಳೆ. ಇದರಿಂದ ನಿಜಕ್ಕೂ ಉಪಯೋಗ ಇದೆಯೇ? ಇದ್ದರೆ ಏನನ್ನು ಬರೆಯಬೇಕು, ಹೇಗೆ ಬರೆಯಬೇಕು?

ಉತ್ತರ: ತಂಗಿ, 'ದಿನದ ಖರ್ಚು ಬರೆಯಲು ಶುರು ಮಾಡಿದೆ' ಎಂದಿದ್ದೀರಲ್ಲ, ಮೂರು ಸಲವೂ ಪುಸ್ತಕ ನಿಂತದ್ದು ಅಲ್ಲಿಯೇ. ಕೊತ್ತಂಬರಿ ಸೊಪ್ಪಿಗೆ ಹತ್ತು ರೂಪಾಯಿ, ಸೂಜಿದಾರಕ್ಕೆ ಇಪ್ಪತ್ತು ರೂಪಾಯಿ ಎಂದು ಬರೆದ ಸಾಲನ್ನು ಮುಂದೆ ಯಾರೂ ಕೇಳುವುದಿಲ್ಲ, ನೀವೂ ತಿರುವಿ ನೋಡುವುದಿಲ್ಲ. ತಿರುವಿ ನೋಡದ ಬರಹವನ್ನು ಕೈ ಹೆಚ್ಚು ದಿನ ಬರೆಯುವುದಿಲ್ಲ. ಅದಕ್ಕಾಗಿ ನಿಮ್ಮನ್ನು ನೀವು ದೂರಿಕೊಳ್ಳಬೇಡಿ.

ನಾನು ಬ್ಯಾಂಕಿನ ಕೃಷಿ ಸಾಲ ವಿಭಾಗದಲ್ಲಿದ್ದು, ದಾವಣಗೆರೆ ಮತ್ತು ಚಿತ್ರದುರ್ಗದ ಹಳ್ಳಿಗಳಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ತಿರುಗಿದ್ದೇನೆ. ಸಾಲ ಕೊಡುವ ಮುಂಚೆ ಹೊಲ ನೋಡುವುದು, ಕೊಟ್ಟ ಮೇಲೆ ಬೆಳೆ ನೋಡುವುದು, ಬೆಳೆ ಕೈಕೊಟ್ಟಾಗ ನಷ್ಟ ನೋಡುವುದು ನನ್ನ ಕೆಲಸ. ಕೇಳುತ್ತಿದ್ದ ಪ್ರಶ್ನೆಗಳು ಎಲ್ಲ ಮನೆಯಲ್ಲೂ ಒಂದೇ. ಯಾವಾಗ ಬಿತ್ತಿದಿರಿ? ಗೊಬ್ಬರ ಎಷ್ಟು? ಬೋರ್ ಎಷ್ಟು ಅಡಿ? ಹಸು ಕರು ಹಾಕಿದ್ದು ಯಾವಾಗ? ಉತ್ತರವೂ ಹೆಚ್ಚುಕಡಿಮೆ ಒಂದೇ: 'ಹಬ್ಬದ ಹಿಂದೆಮುಂದೆ ಇರಬೇಕು.' ಚಿಕ್ಕ ಪುಸ್ತಕ ಇಟ್ಟುಕೊಂಡ ಮನೆಯವರು ಮಾತ್ರ ಪುಟ ತಿರುವಿ ತಾರೀಖು ಹೇಳುತ್ತಿದ್ದರು. ಅವರ ಅರ್ಜಿ ತುಂಬಲು ನನಗೆ ಕಾಲು ಗಂಟೆ ಸಾಕಾಗುತ್ತಿತ್ತು.

ಆದ್ದರಿಂದ ಏನು ಬರೆಯಬೇಕು ಎಂಬುದಕ್ಕೆ ನನ್ನ ಅಳತೆ ಒಂದೇ: ಇದನ್ನು ಮುಂದೆ ನನ್ನನ್ನು ಯಾರು ಕೇಳುತ್ತಾರೆ? ಡಾಕ್ಟರು, ಪಶುವೈದ್ಯರು, ಮೋಟಾರ್ ರಿಪೇರಿಯವರು, ಕಚೇರಿಯ ಗುಮಾಸ್ತರು, ಸಾಲ ಕೊಟ್ಟವರು, ಪಡೆದವರು, ಇಲ್ಲವೇ ಮುಂದಿನ ವರ್ಷ ನೀವೇ. ಕೇಳುವವರು ಇದ್ದರೆ ಬರೆಯಿರಿ, ಇಲ್ಲದಿದ್ದರೆ ಬಿಡಿ. ಹೀಗೆ ಸೋಸಿದರೆ ದಿನಕ್ಕೆ ಎರಡು ಮೂರು ಸಾಲು ಉಳಿಯುತ್ತದೆ; ಕೆಲವು ದಿನ ಒಂದೂ ಇರುವುದಿಲ್ಲ. ನಡುವೆ ನಾಲ್ಕು ದಿನ ಖಾಲಿ ಹೋದರೆ ಪುಸ್ತಕ ನಿಂತುಹೋಯಿತು ಎಂದು ತಿಳಿಯಬೇಡಿ.

ಈ ಅಳತೆ ನಮ್ಮ ಮನೆಗಳಲ್ಲಿ ಮೊದಲಿನಿಂದಲೂ ಇದೆ. ಮದುವೆಯಲ್ಲಿ ಅಕ್ಷರ ಚೆನ್ನಾಗಿರುವ ಒಬ್ಬರನ್ನು ಕೂರಿಸಿ ಮುಯ್ಯಿ ಬರೆಸುತ್ತೇವಲ್ಲ? ಯಾರು, ಯಾವ ಊರು, ಎಷ್ಟು. ಹತ್ತು ವರ್ಷದ ಮೇಲೆ ಅವರ ಮನೆಯಲ್ಲಿ ಮದುವೆ ಬಂದಾಗ ಆ ಪುಸ್ತಕ ಟ್ರಂಕಿನಿಂದ ಹೊರಗೆ ಬರುತ್ತದೆ. ಬೇಕಾಗುತ್ತದೆ ಎಂದು ಗೊತ್ತಿರುವುದರಿಂದಲೇ ಅದನ್ನು ಅಷ್ಟು ಜತನದಿಂದ ಬರೆದಿಡುತ್ತೇವೆ. ಅದಕ್ಕೂ ಹಿಂದೆ, ಕಾಗದ ಸುಲಭವಾಗಿ ಸಿಗದ ಕಾಲದಲ್ಲಿ, ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲಿನ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಅದಕ್ಕೆ ಕಡತ ಎಂದು ಹೆಸರು. ಇಂದು ಕಚೇರಿಯ ಫೈಲಿಗೆ ನಾವು ಹೇಳುವುದು ಅದೇ ಪದವನ್ನು.

ಈಗ ನಿಮ್ಮ ಮನೆಯ ವಿಷಯಕ್ಕೆ ಬರುತ್ತೇನೆ. ಹಸುವಿನಿಂದಲೇ ಶುರು ಮಾಡಿ, ಏಕೆಂದರೆ ಚಿಕ್ಕ ಪುಸ್ತಕದ ಬೆಲೆ ಅಲ್ಲಿ ಎಲ್ಲಕ್ಕಿಂತ ಬೇಗ ಕಾಣುತ್ತದೆ. ಹಸು ಬೆದೆಗೆ ಬಂದ ದಿನ, ಅದು ಬೆಳಗಿನ ಹೊತ್ತೋ ಸಂಜೆಯೋ, ಗರ್ಭಧಾರಣೆಯ ಇಂಜೆಕ್ಷನ್ ಮಾಡಿಸಿದ ದಿನ, ಇಷ್ಟನ್ನು ಬರೆದರೆ ಮುಂದಿನದೆಲ್ಲ ಎಣಿಕೆ. ಉದಾಹರಣೆಗೆ ಜೂನ್ 5ರಂದು ಇಂಜೆಕ್ಷನ್ ಆಯಿತು ಎನ್ನಿ. ಬೆದೆಯ ಚಕ್ರ ಸುಮಾರು 21 ದಿನದ್ದು, ಆದ್ದರಿಂದ ಜೂನ್ 26ರ ಆಸುಪಾಸಿನಲ್ಲಿ ಹಸುವಿನ ಮೇಲೆ ಕಣ್ಣಿಡಬೇಕು. ಮತ್ತೆ ಬೆದೆಗೆ ಬಂದರೆ ಗರ್ಭ ನಿಂತಿಲ್ಲ. ಬರದಿದ್ದರೆ ಮೂರು ತಿಂಗಳಿಗೆ ಪಶುವೈದ್ಯರಿಂದ ಪರೀಕ್ಷೆ ಮಾಡಿಸಬೇಕು. ಹಸುವಿನ ಗರ್ಭದ ಅವಧಿ ಸುಮಾರು 280 ದಿನ. ಲೆಕ್ಕ ಹಾಕಿದರೆ ಮಾರ್ಚ್ 12ರ ಹೊತ್ತಿಗೆ ಕರು. ಅದಕ್ಕೆ ಎರಡು ತಿಂಗಳು ಮುಂಚೆ, ಅಂದರೆ ಜನವರಿ 11ರ ಸುಮಾರಿಗೆ, ಹಾಲು ಕರೆಯುವುದನ್ನು ನಿಲ್ಲಿಸಬೇಕು. ಜೂನ್ 5ರ ಸಾಲನ್ನು ಬರೆದ ಕೂಡಲೇ ಈ ನಾಲ್ಕು ತಾರೀಖನ್ನೂ ಅದರ ಕೆಳಗೇ ಬರೆದುಬಿಡಿ. ಬೆದೆ ಒಂದು ಸಲ ಕೈತಪ್ಪಿದರೆ ಮೂರು ವಾರ ಹೋಯಿತು. ಅಷ್ಟು ದಿನ ಹಾಲಿಲ್ಲದ ಹಸುವಿಗೆ ಮೇವು ಹಾಕಬೇಕು. ಈ ನಷ್ಟ ಯಾವ ಲೆಕ್ಕದ ಪುಸ್ತಕದಲ್ಲೂ ಕಾಣುವುದಿಲ್ಲ, ಆದರೆ ಎರಡು ಹಸುವಿನ ಮನೆಗೆ ಅದು ದೊಡ್ಡದೇ. ಕಾಲುಬಾಯಿ ಜ್ವರದ ಲಸಿಕೆ, ಜಂತಿನ ಔಷಧಿ ಕೊಟ್ಟ ದಿನವನ್ನೂ ಅದೇ ಪುಟದಲ್ಲಿ ಸೇರಿಸಿ. ಒಂದು ಹಸುವಿಗೆ ಒಂದು ಪುಟ.

ಎರಡನೆಯದು ಕೊಳವೆಬಾವಿ. ನಿಮ್ಮ ತಾಲ್ಲೂಕಿನಲ್ಲಿ ಬೇಸಿಗೆ ಹೇಗಿರುತ್ತದೆ ಎಂದು ನಾನು ನಿಮಗೆ ಹೇಳಬೇಕಾಗಿಲ್ಲ. ಏಪ್ರಿಲ್‌ನಲ್ಲಿ ಮೋಟಾರ್ ಸುಟ್ಟಾಗ ರಿಪೇರಿಯವರು ಬಂದು ಮೊದಲು ಕೇಳುವುದು, ಎಷ್ಟು ಪೈಪ್ ಇಳಿಸಿದ್ದಾರೆ ಎಂದು. ಒಂದು ಪೈಪ್ 20 ಅಡಿ. ಮೂವತ್ತು ಪೈಪ್ ಎಂದರೆ 600 ಅಡಿ. ಇದು ಗೊತ್ತಿಲ್ಲದಿದ್ದರೆ ಎಷ್ಟು ಆಳು ಬೇಕು, ಎಷ್ಟು ಕೇಬಲ್ ತರಬೇಕು ಎಂಬುದೆಲ್ಲ ಅಂದಾಜಿನಲ್ಲಿ ನಡೆಯುತ್ತದೆ. ಅಂದಾಜು ಯಾವಾಗಲೂ ದುಬಾರಿಯ ಕಡೆಗೇ ವಾಲುತ್ತದೆ. ಕೊರೆದ ದಿನ, ಒಟ್ಟು ಆಳ, ಕೇಸಿಂಗ್ ಎಷ್ಟು ಅಡಿ, ಯಾವ ಯಾವ ಆಳದಲ್ಲಿ ನೀರು ಸಿಕ್ಕಿತು, ಆಗ ಎಷ್ಟು ಇಂಚು ನೀರಿತ್ತು, ಮೋಟಾರ್ ಎಷ್ಟು ಎಚ್‌ಪಿ, ಎಷ್ಟು ಸ್ಟೇಜ್, ಯಾವಾಗ ಎತ್ತಿದ್ದು, ಏನು ಬದಲಿಸಿದ್ದು, ಇವೆಲ್ಲ ಒಂದೇ ಪುಟದಲ್ಲಿರಲಿ. ಮುಂದೆ ಬ್ಯಾಂಕಿನವರೂ ಕೇಳುತ್ತಾರೆ, ಪಕ್ಕದ ಹೊಲದವರು ಹೊಸದಾಗಿ ಕೊರೆಸುವಾಗಲೂ ಕೇಳುತ್ತಾರೆ. ಅದರ ಕೆಳಗೇ ಪಂಪ್‌ಸೆಟ್ಟಿನ ಮತ್ತು ಮನೆಯ ವಿದ್ಯುತ್ ಸಂಪರ್ಕದ ಆರ್.ಆರ್. ಸಂಖ್ಯೆ ಬರೆದುಕೊಳ್ಳಿ. ರಾತ್ರಿ ಕರೆಂಟ್ ಹೋದಾಗ 1912ಕ್ಕೆ ಕರೆ ಮಾಡಿದರೆ ಕೇಳುವುದು ಆ ಸಂಖ್ಯೆಯನ್ನೇ. ಕತ್ತಲಲ್ಲಿ ಹಳೆಯ ಬಿಲ್ ಹುಡುಕುವುದು ಎಷ್ಟು ಕಷ್ಟ ಎಂದು ಒಂದು ಸಲ ಹುಡುಕಿದವರಿಗೆ ಗೊತ್ತು.

ಹೊಲದ ವಿಷಯದಲ್ಲಿ ಎಲ್ಲರೂ ಬೀಜ, ಗೊಬ್ಬರ, ಕೂಲಿ ಎಂದು ಹಣದ ಲೆಕ್ಕ ಬರೆಯುತ್ತಾರೆ. ಅದು ಬೇಕು. ಆದರೆ ಅದರ ಜೊತೆಗೆ ತೂಕ ಇರಲಿ. 'ಯೂರಿಯಾ ಎರಡು ಚೀಲ' ಎಂದು ಬರೆದರೆ ನಾಲ್ಕು ವರ್ಷದ ಮೇಲೆ ಅದಕ್ಕೆ ಅರ್ಥವಿಲ್ಲ. 2018ರ ತನಕ ಯೂರಿಯಾ ಚೀಲ 50 ಕೆ.ಜಿ. ಇತ್ತು, ಆಮೇಲೆ 45 ಕೆ.ಜಿ. ಆಯಿತು, ಡಿಎಪಿ ಈಗಲೂ 50 ಕೆ.ಜಿ. ಹಳೆಯ ಪುಸ್ತಕ ನೋಡಿಕೊಂಡು ಅದೇ ಎರಡು ಚೀಲ ಹಾಕಿದವರು ತಿಳಿಯದೆಯೇ ಹತ್ತು ಕೆ.ಜಿ. ಕಡಿಮೆ ಹಾಕಿದ್ದಾರೆ. ಬೀಜದ ಪ್ಯಾಕೆಟ್ಟಿನ ಮೇಲಿನ ಲಾಟ್ ಸಂಖ್ಯೆಯನ್ನೂ ಬರೆಯಿರಿ, ಬಿಲ್ ಜೋಪಾನವಾಗಿಡಿ. ಮೊಳಕೆ ಸರಿಯಾಗಿ ಬರದಿದ್ದರೆ ದೂರು ಕೊಡುವಾಗ ಮೊದಲು ಬೇಕಾಗುವುದು ಅವೆರಡೇ.

ಮೆಕ್ಕೆಜೋಳ ಹಾಕುವವರಾದರೆ ಸೈನಿಕ ಹುಳುವಿಗೆ ಅರ್ಧ ಪುಟ ಬಿಡಿ. ಹೊರದೇಶದಿಂದ ಬಂದ ಈ ಹುಳು ನಮ್ಮ ದೇಶದಲ್ಲಿ ಮೊದಲು ಕಂಡದ್ದು 2018ರಲ್ಲಿ, ಪಕ್ಕದ ಶಿವಮೊಗ್ಗ ಜಿಲ್ಲೆಯಲ್ಲೇ. ಬಿತ್ತಿದ ಎಷ್ಟನೇ ದಿನ ಸುಳಿಯಲ್ಲಿ ಹುಳು ಕಂಡಿತು ಎಂದು ಎರಡು ವರ್ಷ ಬರೆದರೆ, ಮೂರನೇ ವರ್ಷ ಯಾವ ವಾರ ಹೊಲ ಸುತ್ತಬೇಕು ಎಂಬುದು ನಿಮಗೇ ತಿಳಿಯುತ್ತದೆ. ಔಷಧಿ ಹೊಡೆದ ದಿನ ಅಂಗಡಿಯ ಹೆಸರಿಗಿಂತ, ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿರುವ ರಾಸಾಯನಿಕದ ಹೆಸರನ್ನು ಬರೆಯಿರಿ: ಎಮಾಮೆಕ್ಟಿನ್ ಬೆಂಜೊಯೇಟ್ ಎನ್ನುವಂತೆ. ಒಂದೇ ರಾಸಾಯನಿಕ ನಾಲ್ಕು ಕಂಪನಿಗಳ ನಾಲ್ಕು ಹೆಸರಿನಲ್ಲಿ ಬರುತ್ತದೆ. ಬದಲಿಸಿ ಹೊಡೆದೆವು ಎಂದುಕೊಂಡು ಅದನ್ನೇ ಮತ್ತೆ ಮತ್ತೆ ಹೊಡೆದರೆ ಹುಳು ಅದಕ್ಕೆ ಬಗ್ಗದಂತಾಗುತ್ತದೆ. ಅಳತೆಯನ್ನೂ ಮುಚ್ಚಳದ ಲೆಕ್ಕದಲ್ಲಿ ಬರೆಯಬೇಡಿ, ಮುಚ್ಚಳಗಳು ಒಂದೇ ಗಾತ್ರದವಲ್ಲ. ಲೀಟರಿಗೆ ಎಷ್ಟು ಗ್ರಾಂ ಅಥವಾ ಎಷ್ಟು ಮಿ.ಲೀ., ಒಟ್ಟು ಎಷ್ಟು ಕ್ಯಾನ್ ಎಂದಿರಲಿ. ಸಿಂಪಡಿಸುವವರಿಗೆ ತಲೆ ಸುತ್ತಿ ಆಸ್ಪತ್ರೆಗೆ ಕರೆದೊಯ್ಯಬೇಕಾಗಿ ಬಂದರೂ ಡಾಕ್ಟರು ಕೇಳುವುದು ಆ ರಾಸಾಯನಿಕದ ಹೆಸರನ್ನೇ.

ಮಾರುವಾಗಲೂ ಹೀಗೆಯೇ. ದಾವಣಗೆರೆ ಮಾರುಕಟ್ಟೆಯಲ್ಲಿ ತೂಕದ ಜೊತೆಗೆ ತೇವಾಂಶ ಎಷ್ಟು ಹೇಳಿದರು ಎಂಬುದನ್ನು ಅಲ್ಲಿಯೇ ನಿಂತು ಬರೆಯಿರಿ. ಬೆಂಬಲ ಬೆಲೆಗೆ ಕೊಳ್ಳುವಾಗ ಮೆಕ್ಕೆಜೋಳದಲ್ಲಿ ಶೇ. 14ಕ್ಕಿಂತ ಹೆಚ್ಚು ತೇವಾಂಶ ಇರಬಾರದು ಎಂಬ ನಿಯಮವಿದೆ. ಶೇ. 18 ತೇವಾಂಶದ 100 ಕೆ.ಜಿ. ಕಾಳನ್ನು ಶೇ. 14ಕ್ಕೆ ಒಣಗಿಸಿದರೆ ಉಳಿಯುವುದು ಸುಮಾರು 95 ಕೆ.ಜಿ. 350 ಗ್ರಾಂ. ಈ ಲೆಕ್ಕ ಪುಸ್ತಕದ ಹಿಂಬದಿಯಲ್ಲಿದ್ದರೆ, ಹಸಿಯಾಗಿ ಕಡಿಮೆ ದರಕ್ಕೆ ಕೊಡುವುದು ಲಾಭವೋ, ಎರಡು ದಿನ ಕಣದಲ್ಲಿ ಒಣಗಿಸುವುದು ಲಾಭವೋ ಎಂದು ಅಲ್ಲಿಯೇ ಗುಣಿಸಿ ನೋಡಬಹುದು. ಖಾಲಿ ಚೀಲದ ತೂಕಕ್ಕೆ ಎಷ್ಟು ಕಳೆದರು, ಹಮಾಲಿ ಎಷ್ಟು ಎಂಬುದೂ ಇರಲಿ.

ಮಳೆಯನ್ನೂ ಬರೆಯಿರಿ. ಇದನ್ನು ನಾನು ತುಸು ಒತ್ತಿ ಹೇಳುತ್ತೇನೆ, ಏಕೆಂದರೆ ನಿಮ್ಮ ಹೊಲದ ಮೇಲೆ ಬಿದ್ದ ಮಳೆಯನ್ನು ನಿಮ್ಮನ್ನು ಬಿಟ್ಟು ಬೇರೆ ಯಾರೂ ಅಳೆಯುವುದಿಲ್ಲ. ಮಳೆಮಾಪನ ಕೇಂದ್ರ ಇರುವುದು ಹೋಬಳಿಯಲ್ಲೋ ಪಂಚಾಯಿತಿಯಲ್ಲೋ. ಮಳೆ ಒಂದು ಹೊಲಕ್ಕೆ ಬಂದು ಪಕ್ಕದ ಹೊಲಕ್ಕೆ ಬಾರದೆ ಹೋಗುವುದನ್ನು ನೀವೇ ನೋಡಿದ್ದೀರಿ. ಬಾಯಿ ಮತ್ತು ತಳ ಒಂದೇ ಅಗಲವಿರುವ, ಗೋಡೆ ನೆಟ್ಟಗಿರುವ ಯಾವುದಾದರೂ ಡಬ್ಬಿಯನ್ನು ಬಯಲಿನಲ್ಲಿ ಅಲುಗಾಡದಂತೆ ಇಡಿ. ಬೆಳಿಗ್ಗೆ ಸ್ಕೇಲ್ ಇಳಿಸಿ ನೋಡಿ, ನೀರು ಎಷ್ಟು ಮಿ.ಮೀ. ಎತ್ತರ ನಿಂತಿದೆಯೋ ಅಷ್ಟೇ ಮಿ.ಮೀ. ಮಳೆ. ಬರೆದು ನೀರು ಚೆಲ್ಲಿ. ಒಂದು ಮಿ.ಮೀ. ಮಳೆ ಎಂದರೆ ಒಂದು ಎಕರೆಯ ಮೇಲೆ ಸುಮಾರು 4,000 ಲೀಟರ್ ನೀರು. ಒಂದು ಇಂಚು ಬಿದ್ದರೆ ಒಂದು ಲಕ್ಷ ಲೀಟರಿಗೂ ಹೆಚ್ಚು. ತಾರೀಖಿನ ಪಕ್ಕದಲ್ಲಿ ಮಳೆ ನಕ್ಷತ್ರದ ಹೆಸರನ್ನೂ ಹಾಕಿ. ರೋಹಿಣಿ ಮೇ 25ರ ಸುಮಾರಿಗೆ, ಮೃಗಶಿರ ಜೂನ್ 8ರ ಸುಮಾರಿಗೆ, ಆರಿದ್ರಾ ಜೂನ್ 22ರ ಸುಮಾರಿಗೆ ಹುಟ್ಟುತ್ತವೆ. ಅತ್ತೆಯವರು ಮಳೆಯನ್ನು ನೆನಪಿಟ್ಟಿರುವುದು ಆ ಹೆಸರುಗಳಲ್ಲಿ. ಅವರ ನೆನಪು, ನಿಮ್ಮ ಮಿ.ಮೀ. ಎರಡೂ ಒಂದೇ ಸಾಲಿನಲ್ಲಿ ಕೂತರೆ ಬಿತ್ತನೆಯ ಹದ ಯಾವಾಗ ಎಂದು ಮನೆಯಲ್ಲಿ ಕೂತು ಮಾತನಾಡಲು ಬರುತ್ತದೆ. ಹಿರಿಯೂರಿನ ವಾಣಿವಿಲಾಸ ಸಾಗರ 2022ರಲ್ಲಿ ಕೋಡಿ ಬಿದ್ದಾಗ, 1933ರ ನಂತರ ಇದೇ ಮೊದಲು ಎಂದು ಜಿಲ್ಲೆಯೆಲ್ಲ ಹೇಳಿಕೊಂಡಿತು. ಅಷ್ಟು ಖಚಿತವಾಗಿ ಹೇಳಲು ಸಾಧ್ಯವಾದದ್ದು, ಎಂಬತ್ತೊಂಬತ್ತು ವರ್ಷ ನೀರಿನ ಮಟ್ಟವನ್ನು ಯಾರೋ ಬಿಡದೆ ಬರೆದಿಟ್ಟಿದ್ದರಿಂದ.

ಅತ್ತೆಯವರ ಆರೋಗ್ಯಕ್ಕೆ ಪುಸ್ತಕದ ಹಿಂದಿನ ಪುಟಗಳಿಂದ ಶುರು ಮಾಡಿ ಮುಂದಕ್ಕೆ ಬನ್ನಿ. ಆಗ ಹೊಲ, ಹಸುವಿನ ಬರಹದ ಜೊತೆ ಅದು ಕಲೆಯುವುದಿಲ್ಲ. ಮನೆಯಲ್ಲಿ ಬಿಪಿ ಯಂತ್ರ ಇದ್ದರೆ, ಅವರು ಬೆನ್ನಿಗೆ ಆಸರೆ ಕೊಟ್ಟು ಐದು ನಿಮಿಷ ಸುಮ್ಮನೆ ಕೂತ ಮೇಲೆ, ತೋಳು ಎದೆಯ ಮಟ್ಟಕ್ಕಿರುವಂತೆ ಇಟ್ಟು ನೋಡಿ. ತಾರೀಖು, ಹೊತ್ತು, ಮೇಲಿನ ಅಂಕಿ, ಕೆಳಗಿನ ಅಂಕಿ, ನಾಡಿ ಬರೆಯಿರಿ. ಸಕ್ಕರೆಯಾದರೆ ಖಾಲಿ ಹೊಟ್ಟೆಯದೋ ಊಟವಾದ ಎರಡು ಗಂಟೆಯ ಮೇಲಿನದೋ ಎಂದು ಕಡ್ಡಾಯವಾಗಿ ಬರೆಯಿರಿ. ಅದಿಲ್ಲದ ಅಂಕಿಯಿಂದ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ. ಮಾತ್ರೆಯ ವಿಷಯದಲ್ಲಿ ಒಂದು ಎಚ್ಚರಿಕೆ. ಹಾಳೆಯಿಂದ ನಾಲ್ಕು ಮಾತ್ರೆ ಕತ್ತರಿಸಿ ಕೊಡುತ್ತಾರಲ್ಲ, ಆಗ ಹೆಸರು ಒಂದು ತುಂಡಿಗೆ, ತಾರೀಖು ಇನ್ನೊಂದು ತುಂಡಿಗೆ ಹೋಗುತ್ತದೆ. 'ಬಿಳಿ ಮಾತ್ರೆ, ದುಂಡಗಿನದು' ಎಂದರೆ ಯಾರಿಗೂ ತಿಳಿಯದು. ಹೆಸರು, ಎಷ್ಟು ಮಿ.ಗ್ರಾಂ., ಯಾವ ಹೊತ್ತು, ಊಟದ ಮುಂಚೆಯೋ ಆಮೇಲೋ, ಯಾವ ದಿನದಿಂದ ಶುರುವಾಯಿತು. ಡಾಕ್ಟರು ಪ್ರಮಾಣ ಬದಲಿಸಿದರೆ ಹಳೆಯದನ್ನು ಅಳಿಸಬೇಡಿ, ಒಂದು ಗೆರೆ ಎಳೆದು ಹೊಸದನ್ನು ತಾರೀಖಿನೊಂದಿಗೆ ಕೆಳಗೆ ಬರೆಯಿರಿ. ದಾವಣಗೆರೆಗೆ ತೋರಿಸಲು ಹೋಗುವ ಹಿಂದಿನ ರಾತ್ರಿ, ಕೇಳಬೇಕಾದ ಮೂರು ಪ್ರಶ್ನೆ ಬರೆದುಕೊಂಡು ಹೋಗಿ. ಡಾಕ್ಟರ ಮುಂದೆ ಕೂತಾಗ ಎಂಥವರಿಗೂ ಒಂದಾದರೂ ಮರೆತುಹೋಗುತ್ತದೆ.

ಹಣದ ವಿಷಯಕ್ಕೆ ಬಂದರೆ, ಕೈಗಡ ಕೊಟ್ಟದ್ದು, ತಂದದ್ದು, ಉದ್ರಿ ಹೊಲಿಗೆ, ಸ್ವಸಹಾಯ ಸಂಘದ ಕಂತು ಇವನ್ನು ಕೊಟ್ಟ ಜಾಗದಲ್ಲೇ ಬರೆಯಿರಿ, ಮನೆಗೆ ಬಂದ ಮೇಲೆ ಅಲ್ಲ. ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಯುವ ಬ್ಯಾಂಕಿನ ಪದ್ಧತಿ ಇಲ್ಲಿಯೂ ಒಳ್ಳೆಯದು; ಅವಸರದ 1 ಮತ್ತು 7 ಒಂದೇ ಥರ ಕಾಣುತ್ತವೆ. ದೊಡ್ಡ ಮೊತ್ತವಾದರೆ ಪಡೆದವರಿಂದ ಅದೇ ಸಾಲಿನ ಕೆಳಗೆ ಸಹಿ ಹಾಕಿಸಿಕೊಳ್ಳಿ. ವ್ಯವಹಾರದಲ್ಲಿ ಬಿಡದೆ ಬರೆದುಕೊಂಡು ಬಂದ ಲೆಕ್ಕದ ಪುಸ್ತಕವನ್ನು ನ್ಯಾಯಾಲಯ ಗಮನಿಸುತ್ತದೆ, ಆದರೆ ಅದೊಂದನ್ನೇ ಆಧಾರವಾಗಿ ಇಟ್ಟುಕೊಂಡು ಯಾರ ಮೇಲೂ ಸಾಲ ಹೊರಿಸುವುದಿಲ್ಲ. 1872ರ ಸಾಕ್ಷ್ಯ ಕಾಯ್ದೆಯಲ್ಲಿ ಇದ್ದ ಈ ನಿಯಮ, 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಮುಂದುವರಿದಿದೆ. ಕೊಟ್ಟ ಸಾಲಕ್ಕೆ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷದ ಗಡುವು. ಆ ಗಡುವಿನೊಳಗೆ ಸಾಲ ಪಡೆದವರು 'ಬಾಕಿ ಇದೆ' ಎಂದು ಬರೆದು ಸಹಿ ಹಾಕಿದರೆ ಅಂದಿನಿಂದ ಎಣಿಕೆ ಹೊಸದಾಗಿ ಶುರುವಾಗುತ್ತದೆ. ನೆಂಟರ ನಡುವೆ ಸಹಿ ಕೇಳುವುದು ಹೇಗೆ ಎಂಬ ಸಂಕೋಚ ನನಗೂ ಗೊತ್ತು. 'ನನಗೆ ಮರೆವು, ನೀವೇ ಇಲ್ಲಿ ಬರೆದುಬಿಡಿ' ಎಂದು ಪುಸ್ತಕ ಪೆನ್ನು ಅವರ ಕೈಗೆ ಕೊಟ್ಟರೆ ಯಾರೂ ಬೇಸರಪಡುವುದನ್ನು ನಾನು ನೋಡಿಲ್ಲ.

ಸಹಿಯ ಮಾತು ಬಂದಾಗಲೆಲ್ಲ ನನಗೆ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ ನೆನಪಾಗುತ್ತದೆ. ಅಲ್ಲಿಯೂ, ಹತ್ತಿರದ ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದಲ್ಲೂ ಅಶೋಕನ ಶಾಸನಗಳಿವೆ. ಚಕ್ರವರ್ತಿಯ ಮಾತು ಮುಗಿದ ಮೇಲೆ, ಬರೆದವನು ತನ್ನ ಹೆಸರನ್ನೂ ಕೆತ್ತಿದ್ದಾನೆ: ಚಪಡ. ಲಿಪಿಕಾರ ಎಂಬ ಪದವನ್ನು ಮಾತ್ರ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ, ಉಳಿದದ್ದೆಲ್ಲ ಬ್ರಾಹ್ಮಿ. ನಮ್ಮ ಸೀಮೆಯ ಬಂಡೆಯ ಮೇಲೆ ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದಿನ ಒಬ್ಬ ಬರಹಗಾರನ ಗುರುತು ಹೀಗೆ ಉಳಿದಿದೆ. ಬರೆದವರ ಹೆಸರು ಇರಲಿ ಎಂದು ನಾನು ಹೇಳುವಾಗ ನನ್ನ ಮನಸ್ಸಿನಲ್ಲಿ ಅವನಿರುತ್ತಾನೆ.

ಕಚೇರಿಗೆ ಅರ್ಜಿ ಕೊಟ್ಟ ದಿನ ಸ್ವೀಕೃತಿ ಸಂಖ್ಯೆ ಬರೆಯಿರಿ. ಸಕಾಲ ಸೇವೆಯಾದರೆ 15 ಅಂಕಿಯ ಜಿ.ಎಸ್.ಸಿ. ಸಂಖ್ಯೆ ಕೊಡುತ್ತಾರೆ. ನಿಗದಿತ ದಿನದೊಳಗೆ ಕೆಲಸ ಆಗದಿದ್ದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿಯವರೆಗೆ ಪರಿಹಾರ ಕೇಳುವ ಹಕ್ಕು 2011ರ ಕಾಯ್ದೆಯಲ್ಲಿದೆ, ಅದಕ್ಕೆ ಆ ಸಂಖ್ಯೆಯೇ ಆಧಾರ. ಯಾವ ಮೇಜಿನಲ್ಲಿ ಕೊಟ್ಟಿರಿ, ಯಾವಾಗ ಬರಲು ಹೇಳಿದರು ಎಂಬುದೂ ಒಂದು ಸಾಲು ಇರಲಿ. ಸರ್ವೆ ನಂಬರ್, ಹಿಸ್ಸಾ, ರೈತರ ಎಫ್‌ಐಡಿ ಸಂಖ್ಯೆ, ಪಡಿತರ ಚೀಟಿ, ಗ್ಯಾಸ್ ಗ್ರಾಹಕ ಸಂಖ್ಯೆಗಳಿಗೆ ಒಂದು ಪುಟ. ಹೊಸ ಸಿಲಿಂಡರ್ ಜೋಡಿಸಿದ ತಾರೀಖು ಬರೆಯುವುದು ಒಂದು ಕ್ಷಣದ ಕೆಲಸ. ನಿಮ್ಮ ಮನೆಗೆ 14.2 ಕೆ.ಜಿ. ಎಷ್ಟು ದಿನ ಬರುತ್ತದೆ ಎಂದು ಮೂರು ಸಿಲಿಂಡರಿಗೆ ಗೊತ್ತಾಗುತ್ತದೆ. ಪೇಟೆಯ ಪಟ್ಟಿಯನ್ನು ನೆನಪಾದ ಕ್ರಮದಲ್ಲಿ ಬರೆಯದೆ ನಡೆಯುವ ದಾರಿಯ ಕ್ರಮದಲ್ಲಿ ಬರೆಯಿರಿ: ಚೌಕಿಪೇಟೆಯಲ್ಲಿ ಲೈನಿಂಗ್ ಬಟ್ಟೆ, ಮಂಡಿಪೇಟೆಯಲ್ಲಿ ದಿನಸಿ, ಕೊನೆಗೆ ಬಸ್ ನಿಲ್ದಾಣದ ಹತ್ತಿರ ಔಷಧಿ. ಊರಿಗೆ ಹೋಗುವ ಕೊನೆಯ ಬಸ್ಸಿನ ಹೊತ್ತು ಅದೇ ಪುಟದ ತಲೆಯಲ್ಲಿರಲಿ. ಹೊಲಿಗೆಯ ಅಳತೆಗೆ ಬೇರೆ ಪುಸ್ತಕವೇ ಬೇಕು. ಅದರಲ್ಲಿಯೂ ಅಳತೆ ತೆಗೆದ ತಾರೀಖು ಇರಲಿ, ಒಂದು ವರ್ಷ ಹಳೆಯ ಅಳತೆಗೆ ರವಿಕೆ ಕತ್ತರಿಸಬೇಡಿ.

ಪೆಟ್ರೋಲ್ ಬಂಕು, ಎಟಿಎಂ, ಬಸ್ಸಿನ ಯಂತ್ರ ಕೊಡುವ ನುಣುಪು ಕಾಗದದ ಚೀಟಿಗಳನ್ನು ನಂಬಬೇಡಿ. ಅವು ಶಾಯಿಯಿಂದ ಅಚ್ಚಾದವಲ್ಲ. ಶಾಖ ತಗುಲಿದರೆ ಕಪ್ಪಾಗುವ ಲೇಪನದ ಕಾಗದ. ಬಿಸಿಲಿಗೆ ಮತ್ತು ಪ್ಲಾಸ್ಟಿಕ್ ಕವರಿನ ಒಳಗೆ ಕೆಲವೇ ತಿಂಗಳಲ್ಲಿ ಅಕ್ಷರ ಮಾಸಿಹೋಗುತ್ತದೆ. ಬೇಕಾದ ಅಂಕಿಯನ್ನು ಅಂದೇ ಪುಸ್ತಕಕ್ಕೆ ಇಳಿಸಿ.

ಮಗಳ ಪ್ರಶ್ನೆ ನ್ಯಾಯವಾದದ್ದು. ಮೊಬೈಲ್ ಎಷ್ಟೋ ಕೆಲಸಕ್ಕೆ ಪುಸ್ತಕಕ್ಕಿಂತ ಮೇಲು: ಮಾತ್ರೆಯ ಹೊತ್ತಿಗೆ ಅಲಾರಾಂ, ಹುಳು ತಿಂದ ಎಲೆಯ ಫೋಟೊ, ಗುಣಾಕಾರ. ಆದರೆ ಸಗಣಿಯ ಕೈಯಲ್ಲಿ ಕೊಟ್ಟಿಗೆಯಲ್ಲಿ ನಿಂತಾಗ, ಸುಡುವ ಬಿಸಿಲಿನ ಹೊಲದಲ್ಲಿ ಪರದೆ ಕಾಣದಿದ್ದಾಗ, ಕರೆಂಟಿಲ್ಲದೆ ಚಾರ್ಜ್ ಮುಗಿದಾಗ ಪುಸ್ತಕವೇ ಗತಿ. ಇನ್ನೊಂದು ಕಾರಣವೂ ಇದೆ. ನಿಮ್ಮ ಮೊಬೈಲಿನಲ್ಲಿ ಇರುವುದು ನಿಮಗೆ ಮಾತ್ರ ತಿಳಿದಿರುತ್ತದೆ. ನೀವು ತವರಿಗೆ ಹೋದ ದಿನ ಹಸುವಿನ ತಾರೀಖನ್ನು ಅತ್ತೆಯವರೋ ಮಗಳೋ ಗೋಡೆಯ ಮೊಳೆಗೆ ನೇತುಹಾಕಿದ ಪುಸ್ತಕದಲ್ಲಿ ನೋಡಬಹುದು. ತಿಂಗಳ ಕೊನೆಯಲ್ಲಿ ಪುಟಗಳ ಫೋಟೊ ತೆಗೆದಿಡುವ ಕೆಲಸವನ್ನು ಮಗಳಿಗೇ ಒಪ್ಪಿಸಿ, ಪುಸ್ತಕ ಕಳೆದರೂ ಬರಹ ಉಳಿಯುತ್ತದೆ. ಪ್ರತಿಯಾಗಿ ಮೊಬೈಲಿನ ಸಂಗತಿಗಳು ಪುಸ್ತಕದಲ್ಲಿರಲಿ: ಕರೆ ಮಾಡುವ ಜಾಗದಲ್ಲಿ ಸ್ಟಾರ್, ಹ್ಯಾಶ್, 06, ಹ್ಯಾಶ್ ಒತ್ತಿದರೆ 15 ಅಂಕಿಯ ಐಎಂಇಐ ಸಂಖ್ಯೆ ಬರುತ್ತದೆ. ಫೋನ್ ಕಳೆದಾಗ ಅದನ್ನು ತಡೆಹಿಡಿಸಲು ಈ ಸಂಖ್ಯೆ ಬೇಕು. ಮನೆಯವರ, ನೆಂಟರ ಹತ್ತು ಫೋನ್ ಸಂಖ್ಯೆಗಳೂ ಅಲ್ಲಿರಲಿ. ಎಟಿಎಂ ಮತ್ತು ಯುಪಿಐ ಪಿನ್ ಮಾತ್ರ ಎಂದಿಗೂ ಬರೆಯಬೇಡಿ, ತಿರುಗಿಸಿಯೂ ಬೇಡ, ಬೇರೆ ಅಂಕಿ ಸೇರಿಸಿಯೂ ಬೇಡ.

ಪೆನ್ನಿನ ವಿಷಯ ನನಗೆ ಅನುಭವದಿಂದ ಗೊತ್ತು. ಒಂದು ಮಳೆಗಾಲದಲ್ಲಿ ಭರಮಸಾಗರದ ಕಡೆಯ ಮೂರು ಹಳ್ಳಿಗಳನ್ನು ಮುಗಿಸಿ ಬೈಕಿನಲ್ಲಿ ಬರುವಾಗ ನೆನೆದೆ. ಜೆಲ್ ಪೆನ್ನಿನಲ್ಲಿ ಬರೆದ ಎರಡು ದಿನದ ಟಿಪ್ಪಣಿ ನೀಲಿ ಕಲೆಯಾಗಿ ಹರಡಿಹೋಗಿತ್ತು. ಬೆಳೆನಷ್ಟದ ವಿವರ ಅದು. ಅದೇ ಜನರ ಬಾಗಿಲಿಗೆ ಮತ್ತೆ ಹೋಗಿ ಅದೇ ಸಂಕಟವನ್ನು ಮತ್ತೆ ಹೇಳಿಸಬೇಕಾಯಿತು. ಅಂದಿನಿಂದ ಜೆಲ್ ಪೆನ್ ಮುಟ್ಟಿಲ್ಲ. ಅದರ ಶಾಯಿ ನೀರಿನದು. ಮಾಮೂಲಿ ಬಾಲ್‌ಪೆನ್ನಿನ ಶಾಯಿ ಎಣ್ಣೆಯದು, ನೆನೆದರೂ ನಿಲ್ಲುತ್ತದೆ. ಕೊಟ್ಟಿಗೆಗೆ, ಹೊಲಕ್ಕೆ ಪೆನ್ಸಿಲ್ ಇನ್ನೂ ಒಳ್ಳೆಯದು: ನೀರಿಗೆ ಹರಡುವುದಿಲ್ಲ, ಗೋಡೆಗೆ ಒತ್ತಿ ಹಿಡಿದು ಬರೆದರೂ ಮೂಡುತ್ತದೆ. ಸಹಿಯ ಸಾಲಿಗೆ ಮಾತ್ರ ಪೆನ್ನೇ ಆಗಬೇಕು. ಪುಸ್ತಕ ದುಬಾರಿಯದು ಬೇಡ. ಅಂಟಿಸಿದ್ದಕ್ಕಿಂತ ದಾರದಲ್ಲಿ ಹೊಲಿದದ್ದು ಬಾಳುತ್ತದೆ, ಹಾಳೆ ಕಳಚುವುದಿಲ್ಲ. ಪ್ರತಿ ಪುಟದ ತಲೆಯಲ್ಲಿ ವರ್ಷವನ್ನೂ ಸೇರಿಸಿ ತಾರೀಖು ಬರೆಯಿರಿ. '5-6' ಎಂದಷ್ಟೇ ಬರೆದ ಪುಟಗಳನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ, ಬರೆದವರಿಗೂ ಅದು ಯಾವ ವರ್ಷದ್ದೆಂದು ಹೇಳಲಾಗುತ್ತಿರಲಿಲ್ಲ.

ಇನ್ನು ಅದನ್ನು ಇಡುವುದೆಲ್ಲಿ? ಗಂಡಸರ ಅಂಗಿಗೆ ಜೇಬಿದೆ, ನಿಮ್ಮ ಸೀರೆಗೆ ಇಲ್ಲ. ನಿಮ್ಮ ಮೂರು ಪುಸ್ತಕಗಳು ನಿಂತುಹೋಗಲು ಇದೂ ಒಂದು ದೊಡ್ಡ ಕಾರಣ ಎಂದು ನನಗೆ ಅನ್ನಿಸುತ್ತದೆ. ಹೊಲದಲ್ಲಿ ಕಂಡದ್ದನ್ನು ಮನೆಯ ಗೂಡಿನಲ್ಲಿರುವ ಪುಸ್ತಕಕ್ಕೆ ಬರೆಯಲು ಸಂಜೆಯ ತನಕ ಕಾದರೆ ಅರ್ಧ ಮರೆತಿರುತ್ತದೆ. ನಮ್ಮ ಅಜ್ಜಿಯರು ಎಲೆಅಡಿಕೆ ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. ಅದರಲ್ಲಿ ಅಡಿಕೆಗೆ ಒಂದು, ಸುಣ್ಣದ ಡಬ್ಬಿಗೆ ಒಂದು, ಚಿಲ್ಲರೆಗೆ ಒಂದು ಅರೆ ಇರುತ್ತಿತ್ತು. ಹೊಲಿಗೆ ಬಲ್ಲವರು ನೀವು. ಮೂರು ಇಂಚು ಅಗಲ, ನಾಲ್ಕು ಇಂಚು ಉದ್ದದ ಪುಸ್ತಕಕ್ಕೆ ನಾಲ್ಕು ಇಂಚು ಅಗಲ, ಐದು ಇಂಚು ಆಳದ ಅರೆ ಸಾಕು, ಪಕ್ಕದಲ್ಲಿ ಪೆನ್ಸಿಲ್ಲಿಗೆ ಒಂದು ಸಣ್ಣ ಗೂಡು. ಗಟ್ಟಿ ಕಾಟನ್ ಬಟ್ಟೆಯಲ್ಲಿ ಸಂಚಿ ಮಾಡಿಕೊಳ್ಳಿ, ಅಥವಾ ಲಂಗದ ಬಲ ಬದಿಗೇ ಅರೆ ಹೊಲಿದುಕೊಳ್ಳಿ.

ರಾತ್ರಿ ಊಟವಾದ ಮೇಲೆ ಎರಡು ನಿಮಿಷ ಪುಟ ತಿರುವಿ ನಾಳೆ ಯಾವ ತಾರೀಖು ಬರುತ್ತದೆ ಎಂದು ನೋಡಿ, ಮುಗಿದ ಸಾಲಿಗೆ ಗೆರೆ ಎಳೆಯಿರಿ. ದಿನದ ಖರ್ಚನ್ನು ಸದ್ಯಕ್ಕೆ ಬಿಟ್ಟುಬಿಡಿ. ಮೊದಲ ವಾರ ಎರಡು ಹಸುವಿನ ಎರಡು ಪುಟ ಮತ್ತು ಅತ್ತೆಯವರ ಮಾತ್ರೆಯ ಪುಟ, ಈ ಮೂರನ್ನೇ ಬರೆಯಿರಿ. ಕೊಳವೆಬಾವಿಯ ಪುಟವನ್ನು ಯಜಮಾನರು ಊರಿಗೆ ಬಂದ ದಿನ ಅವರನ್ನು ಕೂರಿಸಿಕೊಂಡು ತುಂಬಿಸಿ. ಪೈಪ್ ಇಳಿಸಿದ ದಿನ ಅವರು ಅಲ್ಲಿ ನಿಂತು ಎಣಿಸಿದ್ದರೆ, ಆ ಲೆಕ್ಕ ಈಗ ಇರುವುದು ಅವರ ನೆನಪಿನಲ್ಲಿ ಮಾತ್ರ.